ಯಾವ ಭಾಷೆ ಕಲೀಲಿ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಶಿರಸಿ ಹತ್ತಿರದ ಇಸಳೂರಿನಿಂದ ಮಾತಾಡ್ತಾ ಇದ್ದೀನಿ. ಹೊರಗಡೆ ಮಳೆ. ಹೆಂಚಿನ ಮೇಲೆ ಬೀಳೋ ಸದ್ದು ನಿಮಗೂ ಕೇಳಿಸ್ತಾ ಇರಬಹುದು. ಕರೆಂಟ್ ಯಾವಾಗ ಹೋಗತ್ತೋ ಹೇಳೋಕಾಗಲ್ಲ, ಅದಕ್ಕೆ ನೇರ ವಿಷಯಕ್ಕೇ ಬರ್ತೀನಿ.

ಕಳೆದ ವಾರ ಯಲ್ಲಾಪುರದ ಕಡೆಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಬಿಕಾಂ ಕೊನೇ ವರ್ಷದಲ್ಲಿರೋ ಹುಡುಗಿ. ಹೆಸರು ಹೇಳೋದು ಬೇಡ ಅಂದಿದ್ದಾರೆ. ಅವರು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು: "ಅಣ್ಣಾ, ನಂಗೆ ಪ್ರೋಗ್ರಾಮಿಂಗ್ ಕಲೀಬೇಕು. ಒಬ್ರು ಪೈಥಾನ್ ಅಂತಾರೆ, ಇನ್ನೊಬ್ರು ಜಾವಾ ಅಂತಾರೆ, ಯೂಟ್ಯೂಬ್‌ನಲ್ಲಿ ಮತ್ತೊಬ್ರು ಎರಡರ ಕಾಲಾನೂ ಮುಗೀತು ಅಂತಾರೆ. ಈ ಸಲ ಅಡಿಕೆ ಮಾರಿದ ದುಡ್ಡಲ್ಲಿ ಕೋರ್ಸ್ ಫೀ ಕಟ್ತೀನಿ ಅಂತ ಅಪ್ಪ ಹೇಳಿದ್ದಾರೆ. ಒಂದು ಸಲ ಕಟ್ಟೋಕಾಗತ್ತೆ. ಎರಡನೇ ಸಲ ನಾನು ಕೇಳೋಕಾಗಲ್ಲ. ತಪ್ಪು ಆರಿಸಿಬಿಟ್ರೆ?"

ಈ ಕೊನೇ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಡ್ತು. ಇಂಟರ್ನೆಟ್‌ನಲ್ಲಿ ಸಿಗೋ ಸಲಹೆಗಳಲ್ಲಿ ಹೆಚ್ಚಿನವು, "ಟ್ರೈ ಮಾಡಿ, ಇಷ್ಟ ಆಗದಿದ್ರೆ ಬದಲಾಯಿಸಿ" ಅನ್ನೋ ಥರ ಇರ್ತಾವೆ. ಬದಲಾಯಿಸೋಕೆ ಮನೇಲಿ ಇನ್ನೊಂದು ವರ್ಷದ ಅಡಿಕೆ ಇರಬೇಕಲ್ಲ? ಹಾಗಾಗಿ ಇವತ್ತಿನ ಸಂಚಿಕೆ ಅವರಿಗೆ. ಮತ್ತೆ, ಒಂದೇ ಸಲ ಫೀ ಕಟ್ಟೋಕಾಗೋ ಎಲ್ಲರಿಗೂ.

ನಾನು ಮಾಡಿದ ತಪ್ಪು

ಮೊದಲು ನನ್ನ ಕಥೆ. ನಾನೂ ಬಿಕಾಂ. ಓದು ಮುಗಿದ ಮೇಲೆ ಬೆಂಗಳೂರಿಗೆ ಹೋದೆ. ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ ವೆಬ್ ಡೆವಲಪ್‌ಮೆಂಟ್ ಕೋರ್ಸ್ ಸೇರಿದೆ. ಎರಡು ತಿಂಗಳಾದ ಮೇಲೆ ರೂಮ್‌ಮೇಟ್ ಒಬ್ಬ, "ವೆಬ್‌ನಲ್ಲಿ ತುಂಬಾ ಜನ ಆಗಿದ್ದಾರೆ, ಆಂಡ್ರಾಯ್ಡ್ ಕಲಿ" ಅಂದ. ಬಿಟ್ಟೆ. ಆಂಡ್ರಾಯ್ಡ್ ಶುರು ಮಾಡಿದ್ರೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆ ಸಾಫ್ಟ್‌ವೇರ್ ತೆರೆದುಕೊಳ್ಳೋಷ್ಟರಲ್ಲಿ ಒಂದು ಚಾ ಕುಡಿದು ಬರಬಹುದಿತ್ತು. ಅದನ್ನೂ ಬಿಟ್ಟೆ. ಆಮೇಲೆ ಡೇಟಾ ಸೈನ್ಸ್ ಅಂತ ಶುರುವಾಯ್ತು. ಮತ್ತೆ ಫೀ, ಮತ್ತೆ ಮನೆಗೆ ಫೋನ್. ಮೂರು ದಿಕ್ಕಿಗೂ ಎರಡೆರಡು ಹೆಜ್ಜೆ ಇಟ್ಟು, ಹದಿನಾಲ್ಕು ತಿಂಗಳ ನಂತರ ಹೊರಟಲ್ಲೇ ನಿಂತಿದ್ದೆ.

ಆ ನಡುವೆ ಒಮ್ಮೆ ಊರಿಗೆ ಬಂದಾಗ ಅಜ್ಜ ಜಗಲಿ ಮೇಲೆ ಕವಳ ಹಾಕ್ತಾ ಕೂತಿದ್ರು. "ಎಂತ ಕಲೀತಾ ಇದ್ದೆ?" ಅಂತ ಕೇಳಿದ್ರು. ನಾನು ದೊಡ್ಡದಾಗಿ ಪೈಥಾನ್, ಮಷಿನ್ ಲರ್ನಿಂಗ್ ಅಂತೆಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಒಂದೇ ಮಾತು ಕೇಳಿದ್ರು: "ಅದು ಎಂತಕ್ಕೆ ಬತ್ತು ಮಾಣಿ?"

ಅಂದ್ರೆ, ಅದು ಯಾವ ಕೆಲಸಕ್ಕೆ ಬರತ್ತೆ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಂಗೆ ಕಂಪ್ಯೂಟರ್ ಗೊತ್ತಿಲ್ಲ, ಅದಕ್ಕೆ ಹೀಗೆ ಕೇಳ್ತಾರೆ ಅಂದ್ಕೊಂಡೆ. ಗೊತ್ತಿಲ್ಲದೆ ಇದ್ದಿದ್ದು ನನಗೆ.

ಭಾಷೆ ಬೇರೆ, ದಿಕ್ಕು ಬೇರೆ

ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಬೇಕು. ಸೊಪ್ಪು ಕಡಿಯೋಕೆ ಬೇರೆ ಕತ್ತಿ. "ಎಲ್ಲಕ್ಕಿಂತ ಒಳ್ಳೇ ಕತ್ತಿ ಯಾವುದು?" ಅಂತ ನಮ್ಮೂರಲ್ಲಿ ಯಾರಾದ್ರೂ ಕೇಳಿದ್ರೆ, "ನಿಂಗೆ ಮಾಡಬೇಕಾಗಿರೋ ಕೆಲಸ ಯಾವುದು?" ಅಂತ ತಿರುಗಿ ಕೇಳ್ತಾರೆ. ಪ್ರೋಗ್ರಾಮಿಂಗ್ ವಿಷಯಕ್ಕೆ ಬಂದಾಗ ಮಾತ್ರ ನಾವು ಕತ್ತಿ ಹೆಸರು ಹಿಡ್ಕೊಂಡು ಜಗಳ ಆಡ್ತೀವಿ.

ಪೈಥಾನ್ ಬಂದಿದ್ದು 1991ರಲ್ಲಿ. ಜಾವಾ, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಮೂರೂ 1995ರಲ್ಲಿ. ಸಿ ಭಾಷೆ 1970ರ ದಶಕದ ಶುರುವಿನದ್ದು. ಇವುಗಳಲ್ಲಿ ಯಾವುದೂ ಸತ್ತಿಲ್ಲ. ಅಂದ ಹಾಗೆ, ಜಾವಾಕ್ಕೂ ಜಾವಾಸ್ಕ್ರಿಪ್ಟ್‌ಗೂ ಹೆಸರಿನಲ್ಲಿ ಮಾತ್ರ ಸಂಬಂಧ. ಆಗ ಜಾವಾ ಹೆಸರು ಜೋರಾಗಿ ಓಡ್ತಿತ್ತು, ಅದರ ಬಲಕ್ಕೆ ಇದಕ್ಕೂ ಆ ಹೆಸರಿಟ್ರು. ಅದಕ್ಕೆ "ಈ ಭಾಷೆ ಮುಂದಿನ ವರ್ಷ ಇರತ್ತಾ?" ಅನ್ನೋ ಭಯ ಮೊದಲು ಬಿಡಿ. ನಾವು ನಿವೃತ್ತಿ ಆದ ಮೇಲೂ ಇವು ಇರೋ ಹಾಗೆ ಕಾಣತ್ತೆ.

ಹಾಗಾದ್ರೆ ದಿಕ್ಕು ಅಂದ್ರೇನು? ನಮ್ಮ ಕಡೆಯ ಒಂದು ಉದಾಹರಣೆ ತಗೊಳ್ಳೋಣ. ಒಂದು ಸಹಕಾರಿ ಸೊಸೈಟಿ ಅಂತಿಟ್ಕೊಳ್ಳಿ. ರೈತರು ಅಡಿಕೆ ಚೀಲ ತರ್ತಾರೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅಂತ ಬೇರೆ ಬೇರೆ ಇಡ್ತಾರೆ. ತೂಕ ಆಗತ್ತೆ, ಟೆಂಡರ್ ಆಗತ್ತೆ, ಕ್ವಿಂಟಲ್‌ಗೆ ಇಷ್ಟು ಅಂತ ದರ ಬರತ್ತೆ. ಬೆಳೆ ಸಾಲ ಇದ್ರೆ ಕಳೆದು ಉಳಿದಿದ್ದು ಖಾತೆಗೆ. ಇದಕ್ಕೊಂದು ಸಾಫ್ಟ್‌ವೇರ್ ಮಾಡಬೇಕು ಅಂದ್ರೆ ಯಾರ‍್ಯಾರು ಬೇಕು?

ರೈತರು ಬಿಲ್ ನೋಡೋ ಪರದೆ ಇದೆಯಲ್ಲ, ಬಟನ್ ಎಲ್ಲಿರಬೇಕು, ಕನ್ನಡ ಅಕ್ಷರ ಒಡೆಯದೆ ಕಾಣಬೇಕು, ಇದೆಲ್ಲ ಫ್ರಂಟ್‌ಎಂಡ್. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಇಲ್ಲಿ ಬೇಕು. ಕಣ್ಣಿಗೆ ಕಾಣೋ ಕೆಲಸ, ಮಾಡಿದ್ದು ತಕ್ಷಣ ಕಾಣತ್ತೆ. ಅದೇ ಇದರ ಖುಷಿ.

ಲೆಕ್ಕ ಹಾಕೋದು, ಸಾಲ ಕಳೆಯೋದು, ಯಾರಿಗೆ ಯಾವ ಖಾತೆ ನೋಡೋ ಅಧಿಕಾರ ಇದೆ ಅಂತ ನೋಡ್ಕೊಳ್ಳೋದು ಬ್ಯಾಕ್‌ಎಂಡ್. ಪೈಥಾನ್, ಜಾವಾ, ಪಿಎಚ್‌ಪಿ, ಗೋ, ಯಾವುದರಲ್ಲಾದ್ರೂ ಬರೀಬಹುದು. ಇಲ್ಲಿ ಮಾಡಿದ್ದು ಯಾರಿಗೂ ಕಾಣಲ್ಲ. ತಪ್ಪಾದ್ರೆ ಮಾತ್ರ ಎಲ್ಲರಿಗೂ ಕಾಣತ್ತೆ.

ಈ ಎಲ್ಲ ಮಾಹಿತಿ ಕೂತಿರೋ ಜಾಗ ಡೇಟಾಬೇಸ್. ಅದರ ಜೊತೆ ಮಾತಾಡೋ ಭಾಷೆ ಎಸ್‌ಕ್ಯೂಎಲ್.

ಫೋನಿನಲ್ಲೇ ಓಡೋ ಆ್ಯಪ್ ಬೇಕಂದ್ರೆ ಮೊಬೈಲ್ ಡೆವಲಪ್‌ಮೆಂಟ್. ಆಂಡ್ರಾಯ್ಡ್‌ಗೆ ಕಾಟ್ಲಿನ್ ಭಾಷೆ. 2017ರಲ್ಲಿ ಗೂಗಲ್ ಅದಕ್ಕೆ ಅಧಿಕೃತ ಬೆಂಬಲ ಕೊಡ್ತು, 2019ರಿಂದ ಅದಕ್ಕೇ ಮೊದಲ ಆದ್ಯತೆ. ಐಫೋನ್‌ಗೆ ಸ್ವಿಫ್ಟ್.

ಯಾವ ವಾರ ಯಾವ ಅಡಿಕೆ ಎಷ್ಟು ಬಂತು, ದರ ಹೇಗೆ ಏರಿಳಿತು ಅಂತ ಹಿಂದಿನ ಲೆಕ್ಕ ತೆಗೆದು ಅರ್ಥ ಮಾಡ್ಕೊಳ್ಳೋದು ಡೇಟಾ ಅನಾಲಿಸಿಸ್. ಎಕ್ಸೆಲ್, ಎಸ್‌ಕ್ಯೂಎಲ್, ಪೈಥಾನ್ ಇಲ್ಲಿನ ಸಾಮಾನು. ಎಲೆಯ ಫೋಟೋ ನೋಡಿ ರೋಗ ಗುರುತಿಸು ಅಂದ್ರೆ ಅದು ಮಷಿನ್ ಲರ್ನಿಂಗ್. ಅಲ್ಲಿ ಸಂಭವನೀಯತೆ, ಮ್ಯಾಟ್ರಿಕ್ಸ್ ಇವೆಲ್ಲ ಬರ್ತಾವೆ, ಗಣಿತದಿಂದ ತಪ್ಪಿಸ್ಕೊಳ್ಳೋಕಾಗಲ್ಲ. ತೂಕದ ಯಂತ್ರದಿಂದಲೇ ಅಂಕಿ ನೇರವಾಗಿ ಕಂಪ್ಯೂಟರ್‌ಗೆ ಬರಬೇಕು ಅಂದ್ರೆ ಎಂಬೆಡೆಡ್ ಕೆಲಸ, ಸಿ ಭಾಷೆಯ ರಾಜ್ಯ. ಮಾಡಿದ್ದೆಲ್ಲ ಸರಿ ಇದೆಯಾ ಅಂತ ಬೇಕಂತಲೇ ತಪ್ಪು ಹುಡುಕೋದು ಟೆಸ್ಟಿಂಗ್.

ನೋಡಿ, ಒಂದೇ ಸೊಸೈಟಿ, ಒಂದೇ ಅಡಿಕೆ. ಕೆಲಸ ಮಾತ್ರ ಏಳೆಂಟು ಥರ. "ಪೈಥಾನಾ, ಜಾವಾನಾ" ಅಂತ ಕೇಳಿದಾಗ ಇವುಗಳಲ್ಲಿ ಯಾವ ಕೆಲಸ ಮಾಡ್ತೀರಿ ಅನ್ನೋದು ಗೊತ್ತೇ ಆಗಲ್ಲ. ಕೆಲಸ ಯಾವುದು ಅಂತ ಹೇಳಿದ ತಕ್ಷಣ ಭಾಷೆ ಅರ್ಧ ತಾನಾಗೇ ನಿರ್ಧಾರ ಆಗಿಬಿಡತ್ತೆ.

ಟ್ಯಾಲಿ ಹುಟ್ಟಿದ್ದು ಹೇಗೆ

ಬಿಕಾಂ ಮಾಡಿದವರಿಗೆ ಟ್ಯಾಲಿ ಗೊತ್ತಿಲ್ಲದೆ ಇರಲ್ಲ. ಆದ್ರೆ ಅದು ನಮ್ಮ ಬೆಂಗಳೂರಿನ ಕಂಪನಿ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶ್ಯಾಮ್ ಸುಂದರ್ ಗೋಯೆಂಕಾ ಅಂತ ಒಬ್ಬ ಉದ್ಯಮಿ. ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಮತ್ತು ಯಂತ್ರದ ಬಿಡಿಭಾಗ ಪೂರೈಸೋ ವ್ಯಾಪಾರ. ತಮ್ಮ ಲೆಕ್ಕಪತ್ರ ನೋಡ್ಕೊಳ್ಳೋಕೆ ಸರಿಯಾದ ಸಾಫ್ಟ್‌ವೇರ್ ಅವರಿಗೆ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ, "ನೀನೇ ಒಂದು ಮಾಡು" ಅಂದ್ರು. 1986ರಲ್ಲಿ ಅಪ್ಪ ಮಗ ಸೇರಿ ಕಂಪನಿ ಶುರು ಮಾಡಿದ್ರು. ಆಗ ಅದರ ಹೆಸರು ಪ್ಯೂಟ್ರಾನಿಕ್ಸ್. ಮೊದಲ ಆವೃತ್ತಿ ಡಾಸ್‌ನಲ್ಲಿ ಓಡೋ ಸಣ್ಣ ಲೆಕ್ಕದ ಪ್ರೋಗ್ರಾಂ. ಟ್ಯಾಲಿ ಸೊಲ್ಯೂಷನ್ಸ್ ಅನ್ನೋ ಹೆಸರು ಬಂದಿದ್ದು 1999ರಲ್ಲಿ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು.

ಟ್ಯಾಲಿಯ ಒಂದು ದೊಡ್ಡ ಗುಣ, ಪ್ರತಿ ಖಾತೆಗೂ ನಂಬರಿನ ಕೋಡ್ ನೆನಪಿಟ್ಕೊಳ್ಳೋ ತಾಪತ್ರಯ ಇಲ್ಲ. "ಕ್ಯಾಶ್", "ಬಾಡಿಗೆ", "ಸಂಬಳ" ಅಂತ ಹೆಸರು ಬರೆದ್ರೆ ಸಾಕು, ಪುಸ್ತಕದಲ್ಲಿ ಬರೆದ ಹಾಗೇ. ನನ್ನ ಪ್ರಕಾರ, ಅಂಗಡಿಯ ಗಲ್ಲಾದ ಹಿಂದೆ ಕೂತವರ ಕಷ್ಟ ಗೊತ್ತಿದ್ರೆ ಮಾತ್ರ ಇಂಥದ್ದು ಹೊಳೆಯತ್ತೆ.

ಈ ಕಥೆಯಲ್ಲಿ ಭಾಷೆಯ ಹೆಸರೇ ಬರಲಿಲ್ಲ, ಗಮನಿಸಿದ್ರಾ? ಮೊದಲು ಬಂದಿದ್ದು ಅಪ್ಪನ ಲೆಕ್ಕದ ಪುಸ್ತಕ. "ಎಂತಕ್ಕೆ ಬತ್ತು" ಅನ್ನೋದಕ್ಕೆ ಉತ್ತರ ಮೊದಲೇ ಇತ್ತು. ಪ್ರೋಗ್ರಾಂ ಆಮೇಲೆ ಬಂತು.

ಇನ್ನೊಂದು ಉದಾಹರಣೆ ಹೇಳ್ತೀನಿ, ಕನ್ನಡದ್ದೇ. ವಿ. ಕೃಷ್ಣ ಅನ್ನೋರು ನಾಲ್ಕು ದಶಕ ಕೂತು ಒಬ್ಬರೇ ಒಂದು ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ್ರು. ಒಂದೂವರೆ ಲಕ್ಷ ಪದ, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥ. ಜೆರೋಧಾದ ಕೈಲಾಶ್ ನಾಧ್ ಅದನ್ನ 2019ರಲ್ಲಿ 'ಅಲರ್' ಅನ್ನೋ ಹೆಸರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗೋ ಹಾಗೆ ಮಾಡಿದ್ರು. ತೆರೆದು ನೋಡಿ, ಹುಡುಕೋಕೆ ಒಂದು ಪೆಟ್ಟಿಗೆ, ಕೆಳಗೆ ಅರ್ಥ. ಅಷ್ಟೇ. ಹಿಂದೆ ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದೇ ಕೆಲಸ ಪೈಥಾನ್‌ನಲ್ಲಿ ಮಾಡಿದ್ರೂ ಬಳಸೋ ನಮಗೆ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಆ ನಲವತ್ತು ವರ್ಷದ ಪದಗಳು ಇಲ್ಲದೇ ಹೋಗಿದ್ರೆ ಮಾತ್ರ ಗೊತ್ತಾಗ್ತಿತ್ತು.

ಕಾಮರ್ಸ್‌ನವರ ಕೈಯಲ್ಲಿ ಏನಿದೆ

"ನಾವು ಕಾಮರ್ಸ್, ಸೈನ್ಸ್‌ನವರ ಮುಂದೆ ಎಲ್ಲಿ" ಅನ್ನೋ ಅಳುಕು ನನಗೂ ಇತ್ತು. ಅದು ಹೋಗಿದ್ದು ಹೇಗೆ ಅಂತ ಹೇಳ್ತೀನಿ.

ಮೂರೂ ಕೋರ್ಸ್ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಒಂದು ಅಕೌಂಟ್ಸ್ ಆಫೀಸಿಗೆ ಸೇರಿದೆ. ತಿಂಗಳ ಕೊನೆಗೆ ಬ್ಯಾಂಕ್ ರೀಕನ್ಸಿಲಿಯೇಷನ್. ಒಂದು ಕಡೆ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ನೊಂದು ಕಡೆ ನಮ್ಮ ಪುಸ್ತಕ, ಪೆನ್ಸಿಲ್ ಹಿಡ್ಕೊಂಡು ಒಂದೊಂದೇ ಸಾಲಿಗೆ ಟಿಕ್. ಎರಡು ದಿನ ಹೋಗ್ತಿತ್ತು. ಒಂದು ಭಾನುವಾರ ಕೂತು, ಅರೆಬರೆ ಕಲಿತಿದ್ದ ಪೈಥಾನ್‌ನಲ್ಲೇ ಎರಡೂ ಪಟ್ಟಿ ಓದಿ ತಾರೀಖು, ಮೊತ್ತ ಹೊಂದಿಸೋ ಪ್ರೋಗ್ರಾಂ ಬರೆದೆ. ಎರಡು ದಿನದ ಕೆಲಸ ಅರ್ಧ ಗಂಟೆಗೆ ಬಂತು. ಹೀರೋ ಆಗಿಬಿಟ್ಟೆ ಅಂದ್ಕೊಂಡೆ.

ಮುಂದಿನ ತಿಂಗಳು ಎಡವಟ್ಟಾಯ್ತು. ಒಂದೇ ದಿನ, ಒಂದೇ ಮೊತ್ತದ ಎರಡು ಚೆಕ್. ಒಂದು ಪಾಸಾಗಿತ್ತು, ಇನ್ನೊಂದು ಬೌನ್ಸ್. ನನ್ನ ಪ್ರೋಗ್ರಾಂ ಪಾಸಾದ ಹಣವನ್ನ ತಪ್ಪು ಚೆಕ್ ಜೊತೆ ಹೊಂದಿಸಿಬಿಟ್ಟಿತ್ತು. ಬಾಕಿ ಇಲ್ಲದ ಗಿರಾಕಿಗೆ "ಬಾಕಿ ಕೊಡಿ" ಅಂತ ಫೋನ್ ಹೋಯ್ತು. ಬೈಸಿಕೊಂಡೆ. ಆವತ್ತು ಸಂಜೆ ಚೆಕ್ ನಂಬರನ್ನೂ ಸೇರಿಸಿ ಹೊಂದಿಸೋ ಹಾಗೆ ಬದಲಾಯಿಸಿದೆ. ಪ್ರತಿ ಸಾಲಿಗೂ ಬೇರೆ ಯಾವುದಕ್ಕೂ ಇರದ ಒಂದು ಗುರುತು ಬೇಕು. ಡೇಟಾಬೇಸ್ ಪುಸ್ತಕದಲ್ಲಿ ಅದಕ್ಕೆ ಪ್ರೈಮರಿ ಕೀ ಅಂತಾರೆ. ಕೋರ್ಸ್‌ನಲ್ಲಿ ಮೂರು ಸಲ ಕೇಳಿಯೂ ತಲೆಗೆ ಹೋಗದ ಮಾತು, ಆ ಒಂದು ಫೋನ್ ಕರೆಯಿಂದ ಹೋಯ್ತು.

ಡೆಬಿಟ್ ಎಷ್ಟೋ ಕ್ರೆಡಿಟ್ ಅಷ್ಟೇ ಇರಬೇಕು, ಬರೆದಿದ್ದನ್ನ ಅಳಿಸದೆ ಹೊಸ ಎಂಟ್ರಿ ಹಾಕಿ ಸರಿಪಡಿಸಬೇಕು, ಪ್ರತಿ ಎಂಟ್ರಿಗೂ ಒಂದು ವೋಚರ್ ಬೇಕು. ಇದೆಲ್ಲ ನಾವು ಪಿಯುಸಿಯಿಂದ ಮಾಡ್ತಾ ಬಂದಿದ್ದು. ಹಣದ ವ್ಯವಹಾರದ ಸಾಫ್ಟ್‌ವೇರ್ ಬರೆಯೋರು ಇದೇ ಶಿಸ್ತನ್ನ ಕಷ್ಟಪಟ್ಟು ಕಲೀತಾರೆ.

ಎಸ್‌ಕ್ಯೂಎಲ್ ಬಗ್ಗೆ ಒಂದು ಮಾತು. ಮಾಹಿತಿಯನ್ನ ಕೋಷ್ಟಕಗಳಲ್ಲಿ ಇಡೋ ಕಲ್ಪನೆಯನ್ನ ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಆ ದಶಕದಲ್ಲೇ ಎಸ್‌ಕ್ಯೂಎಲ್ ಬಂತು. ನಮ್ಮ ಪಹಣಿ ನೆನಪು ಮಾಡ್ಕೊಳ್ಳಿ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಈ ಶತಮಾನದ ಶುರುವಿಗೆ ಸುಮಾರು 2 ಕೋಟಿ ಜಮೀನು ದಾಖಲೆಗಳು ಕಂಪ್ಯೂಟರ್‌ಗೆ ಹೋದವು. ಸರ್ವೆ ನಂಬರ್, ಹಿಸ್ಸಾ, ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ, ಸಾಲ. ಒಂದೊಂದೂ ಒಂದೊಂದು ಕಾಲಂ. "ಈ ಸರ್ವೆ ನಂಬರಿನ ಮಾಲೀಕರು ಯಾರು?" ಅಂತ ಕಂಪ್ಯೂಟರ್‌ಗೆ ಅರ್ಥ ಆಗೋ ಹಾಗೆ ಕೇಳೋದೇ ಎಸ್‌ಕ್ಯೂಎಲ್. ಫ್ರಂಟ್‌ಎಂಡ್‌ನ ಸಾಮಾನು ಆಗಾಗ ಬದಲಾಗತ್ತೆ. ಇದು ಐವತ್ತು ವರ್ಷದಿಂದ ಹೆಚ್ಚು ಬದಲಾಗಿಲ್ಲ. ಲೆಕ್ಕದ ಕಡೆಯಿಂದ ಬರೋರಿಗೆ ಮೊದಲ ಮೆಟ್ಟಿಲಾಗಿ ನಾನು ಇದನ್ನೇ ಹೇಳ್ತೀನಿ. ಟ್ಯಾಲಿ ಚೆನ್ನಾಗಿ ಬರೋರಿಗೆ ಇನ್ನೊಂದು ದಾರಿನೂ ಇದೆ. ಟ್ಯಾಲಿಯನ್ನ ಬೇಕಾದ ಹಾಗೆ ಬದಲಾಯಿಸೋಕೆ ಟಿಡಿಎಲ್ ಅನ್ನೋ ಅದರದ್ದೇ ಭಾಷೆ ಇದೆ. ಜೋರು ಹೆಸರಿಲ್ಲ, ಆದ್ರೆ ಅಂಗಡಿಯವರಿಗೆ ಅದರ ಅಗತ್ಯ ಇದೆ.

ಫೀ ಕಟ್ಟೋ ಮೊದಲು ಎರಡು ವಾರ

ಈಗ ಪ್ರಯೋಗಕ್ಕೆ ಬರೋಣ. ಇದಕ್ಕೆ ಒಂದು ರೂಪಾಯಿನೂ ಬೇಡ.

ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೀತೀವಲ್ಲ, ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎಷ್ಟು ಲೀಟರ್ ಬೇಕು ಅಂತ ಕೊಟ್ರೆ ಎಷ್ಟೆಷ್ಟು ಹಾಕಬೇಕು, ಇವತ್ತಿನ ದರದಲ್ಲಿ ಖರ್ಚು ಎಷ್ಟು ಅಂತ ಹೇಳೋ ಪ್ರೋಗ್ರಾಂ ಮಾಡಿ. ಮೂರು ಸಲ ಮಾಡಿ. ಮೊದಲು ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ. ಆಮೇಲೆ ಪೈಥಾನ್‌ನಲ್ಲಿ. ಆಮೇಲೆ ಒಂದು ವೆಬ್ ಪುಟವಾಗಿ. ಒಂದೊಂದಕ್ಕೂ ನಾಲ್ಕೈದು ದಿನ ಇಟ್ಕೊಳ್ಳಿ.

ಲೆಕ್ಕ ಸುಲಭ, ನೂರರಿಂದ ಭಾಗಿಸೋದು ಅಷ್ಟೇ. ಮಜಾ ಇರೋದು ಆಮೇಲೆ. ಮನೇಲಿ ಅಪ್ಪನ ಕೈಗೆ ಕೊಡಿ. ಅವರು ಲೀಟರ್ ಜಾಗದಲ್ಲಿ "2 ಡ್ರಮ್" ಅಂತ ಬರೀತಾರೆ. ಖಾಲಿ ಬಿಟ್ಟು ಒತ್ತುತ್ತಾರೆ. ಕನ್ನಡ ಅಂಕಿಯಲ್ಲಿ ೨೦೦ ಅಂತ ಹಾಕ್ತಾರೆ. ಇಲ್ಲೊಂದು ಸ್ವಾರಸ್ಯ ಇದೆ. ಪೈಥಾನ್‌ಗೆ ಕನ್ನಡದ ೨೦೦ ಕೊಟ್ಟು ಸಂಖ್ಯೆ ಮಾಡು ಅಂದ್ರೆ ಸುಮ್ಮನೆ 200 ಅಂತ ತಗೊಳ್ಳತ್ತೆ. ಜಾವಾಸ್ಕ್ರಿಪ್ಟ್ "ಇದು ಸಂಖ್ಯೆಯೇ ಅಲ್ಲ" ಅಂತ ವಾಪಸ್ ಕೊಡತ್ತೆ, ನೀವೇ ಪರಿವರ್ತನೆ ಬರೀಬೇಕು. ನಂಬಿಕೆ ಇಲ್ಲದಿದ್ರೆ ಮಾಡಿ ನೋಡಿ.

ಎರಡು ವಾರ ಆದ ಮೇಲೆ ನಿಮ್ಮನ್ನೇ ಕೇಳ್ಕೊಳ್ಳಿ. ಚೆನ್ನಾಗಿ ಓಡಿದಾಗ ಎಲ್ಲರಿಗೂ ಖುಷಿ ಆಗತ್ತೆ, ಅದು ಲೆಕ್ಕಕ್ಕಿಲ್ಲ. ಕೆಟ್ಟು ನಿಂತಾಗ ಎಲ್ಲಿ ಬಿಟ್ಟು ಏಳೋಕೆ ಮನಸ್ಸಾಗಲಿಲ್ಲ? ಪೆಟ್ಟಿಗೆ ನಾಲ್ಕು ಗೆರೆ ಕೆಳಗೆ ಹೋಗಿದ್ದನ್ನ ಸರಿ ಮಾಡ್ತಾ ಊಟ ಮರೆತ್ರಾ? ನಿಮ್ಮದು ಫ್ರಂಟ್‌ಎಂಡ್ ಇರಬಹುದು. ಪರದೆ ಹೇಗಾದ್ರೂ ಇರಲಿ, ಲೆಕ್ಕ ತಪ್ಪಿದ್ದು ಯಾಕೆ ಅಂತ ಹುಡುಕ್ತಾ ಕೂತ್ರಾ? ಬ್ಯಾಕ್‌ಎಂಡ್. ಪ್ರೋಗ್ರಾಂಗಿಂತ, ಕಳೆದ ಐದು ವರ್ಷ ಔಷಧಿಗೆ ಎಷ್ಟು ಖರ್ಚಾಯ್ತು ಅಂತ ನೋಡೋಣ ಅನ್ನಿಸ್ತಾ? ಡೇಟಾ. ಅಪ್ಪನ ಕೈಗೆ ಕೊಟ್ಟು ಎಲ್ಲೆಲ್ಲಿ ಮುರಿಯತ್ತೆ ಅಂತ ನೋಡೋದೇ ಖುಷಿ ಕೊಡ್ತಾ? ಟೆಸ್ಟಿಂಗ್ ಅನ್ನೋದು ಕೂಡ ಒಂದು ಕೆಲಸ, ಕೀಳಲ್ಲ.

ಇದರ ಜೊತೆ ಇನ್ನೆರಡು ಪ್ರಶ್ನೆ. ಒಂದು, ನಿಮ್ಮ ಹತ್ತಿರ ಯಾವ ಯಂತ್ರ ಇದೆ? ಆಂಡ್ರಾಯ್ಡ್ ಸ್ಟುಡಿಯೋಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು ಅಂತ ಗೂಗಲ್ಲೇ ಹೇಳತ್ತೆ. 4 ಜಿಬಿ ಲ್ಯಾಪ್‌ಟಾಪ್ ಇಟ್ಕೊಂಡು ನನ್ನ ಹಾಗೆ ಚಾ ಕುಡೀತಾ ಕೂರಬೇಡಿ. ವೆಬ್ ಪುಟ, ಪೈಥಾನ್, ಎಸ್‌ಕ್ಯೂಎಲ್ ಅದರಲ್ಲೇ ಆರಾಮಾಗಿ ಓಡತ್ತೆ. ಎಸ್‌ಕ್ಯೂಲೈಟ್ ಅನ್ನೋ ಉಚಿತ ಡೇಟಾಬೇಸ್‌ಗೆ ನೆಟ್ಟೂ ಬೇಡ, ಸರ್ವರ್ರೂ ಬೇಡ. ನಮ್ಮೂರ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡು, ಸಂಬಳಕ್ಕೆ ಮನೆಯವರು ಎಷ್ಟು ತಿಂಗಳು ಕಾಯಬಲ್ಲರು? ಮಷಿನ್ ಲರ್ನಿಂಗ್‌ಗೆ ಗಣಿತದಿಂದ ಶುರು ಮಾಡಬೇಕು, ದಾರಿ ಉದ್ದ. ಎಕ್ಸೆಲ್, ಎಸ್‌ಕ್ಯೂಎಲ್ ಹಿಡಿದ್ರೆ ಈಗಿರೋ ಅಕೌಂಟ್ಸ್ ಕೆಲಸದ ಬಾಗಿಲಿಂದಲೇ ಒಳಗೆ ಹೋಗಬಹುದು. ಆಸೆ ಬಿಡಿ ಅಂತಲ್ಲ. ಮನೆ ಸ್ಥಿತಿ ನೋಡ್ಕೊಂಡು ಯಾವುದು ಮೊದಲು ಅಂತ ನಿರ್ಧರಿಸಿ.

ಉಚಿತವಾಗಿ ಕಲಿಯೋಕೆ ಜಾಗ ಇದೆ. ಫ್ರೀಕೋಡ್‌ಕ್ಯಾಂಪ್ ಪೂರ್ತಿ ಉಚಿತ. ಹಾರ್ವರ್ಡ್‌ನವರ ಸಿಎಸ್50 ಪಾಠಗಳೂ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀ. ಇಂಗ್ಲಿಷ್ ಕಷ್ಟ ಅನ್ನೋರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯಿರೋ ಪಾಠಗಳಿವೆ.

ಇಷ್ಟಾಗಿಯೂ ಕೋರ್ಸ್ ಬೇಕು ಅನ್ನಿಸಿದ್ರೆ ಸೇರಿ. ಎದುರಿಗೆ ಕೂತು ತಿದ್ದೋರು ಇದ್ರೆ ಬೇಗ ಕಲೀಬಹುದು, ಅದು ನಿಜ. ಆದ್ರೆ ದುಡ್ಡು ಕಟ್ಟೋ ಮೊದಲು ಒಂದು ದಿನ ಕ್ಲಾಸಿನಲ್ಲಿ ಕೂರೋಕೆ ಬಿಡಿ ಅಂತ ಕೇಳಿ. ಹಿಂದಿನ ಬ್ಯಾಚಿನ ಇಬ್ಬರ ಜೊತೆ ನೀವೇ ಮಾತಾಡಿ, ಅವರು ತೋರಿಸಿದವರ ಜೊತೆ ಅಲ್ಲ. "ಕೆಲಸ ಗ್ಯಾರಂಟಿ" ಅಂದ್ರೆ ಆ ಮಾತನ್ನ ಬರೆದು ಕೊಡಿ ಅನ್ನಿ. ಬಿಟ್ಟರೆ ಫೀ ಎಷ್ಟು ವಾಪಸ್ ಅಂತ ಕೇಳಿ. ಇವತ್ತೇ ಕಟ್ಟಿದ್ರೆ ಡಿಸ್ಕೌಂಟ್ ಅಂದ್ರೆ ಎದ್ದು ಬನ್ನಿ. ನಾನು ಆವತ್ತು ಎದ್ದು ಬರಲಿಲ್ಲ.

ಎಐ ಬಂದ ಮೇಲೆ ಇದೆಲ್ಲ ಯಾಕೆ?

ಈ ಪ್ರಶ್ನೆ ಎಲ್ಲರೂ ಕೇಳ್ತಾರೆ. ನಾನು ಹೇಳಿದ ಬೋರ್ಡೋ ಲೆಕ್ಕವನ್ನ ಎಐಗೆ ಕೇಳಿದ್ರೆ ಒಂದು ನಿಮಿಷದಲ್ಲಿ ಬರೆದು ಕೊಡತ್ತೆ. ಸುಳ್ಳು ಹೇಳಲ್ಲ, ಹೊಸಬರಿಗೆ ಮೊದಲು ಕೊಡ್ತಿದ್ದ ಸಣ್ಣಪುಟ್ಟ ಕೆಲಸಗಳಲ್ಲಿ ಒಂದಿಷ್ಟನ್ನ ಈಗ ಅದೇ ಮಾಡತ್ತೆ. ಬರೀ ಭಾಷೆಯ ವ್ಯಾಕರಣ ಕಲಿತು ಕೆಲಸ ಹುಡುಕೋರಿಗೆ ಕಷ್ಟ ಆಗಿದೆ.

ಆದ್ರೆ ಬೋರ್ಡೋ ದ್ರಾವಣ ಮಾಡಿದೋರಿಗೆ ಒಂದು ವಿಷಯ ಗೊತ್ತಿದೆ. ಮಿಶ್ರಣ ಆದ ಮೇಲೆ ಹಾಗೇ ಹೊಡೆಯಲ್ಲ. ತೊಳೆದ ಕಬ್ಬಿಣದ ಕತ್ತಿ ಸ್ವಲ್ಪ ಹೊತ್ತು ಅದ್ದಿ ನೋಡ್ತೀವಿ. ಕತ್ತಿಗೆ ಕೆಂಪು ತಾಮ್ರದ ಬಣ್ಣ ಹತ್ತಿದ್ರೆ ಸುಣ್ಣ ಕಮ್ಮಿ ಆಗಿದೆ ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕ್ತೀವಿ. ಇಲ್ಲದಿದ್ರೆ ಕೊನೆ ಸುಟ್ಟು ಹೋಗತ್ತೆ. ಅಳತೆ ಪ್ರಕಾರ ಹಾಕಿದ್ವಿ ಅಂತ ಸುಮ್ಮನಿರಲ್ಲ, ಯಾಕಂದ್ರೆ ತಂದ ಸುಣ್ಣ ಹೇಗಿದೆ ಅಂತ ಅಳತೆಗೆ ಗೊತ್ತಿಲ್ಲ.

ಎಐ ಕೊಟ್ಟ ಪ್ರೋಗ್ರಾಮಿಗೂ ಹಾಗೆ ಕತ್ತಿ ಅದ್ದಿ ನೋಡೋರು ಬೇಕು. ಒಂದೇ ಮೊತ್ತದ ಎರಡು ಚೆಕ್ ಬಂದ್ರೆ ಏನಾಗತ್ತೆ ಅಂತ ಕೇಳೋರು. ಆ ಪ್ರಶ್ನೆ ಹುಟ್ಟೋದು ಕೆಲಸ ಗೊತ್ತಿದ್ದವರಿಗೆ. ಅದಕ್ಕೇ ಎಐ ಬಂದ ಮೇಲೆ "ಯಾವ ಭಾಷೆ" ಅನ್ನೋ ಪ್ರಶ್ನೆಯ ತೂಕ ಇನ್ನೂ ಕಮ್ಮಿ ಆಗಿದೆ, "ಯಾವ ಕೆಲಸ" ಅನ್ನೋದರ ತೂಕ ಹೆಚ್ಚಾಗಿದೆ ಅಂತ ನಂಗೆ ಅನ್ನಿಸತ್ತೆ. ಕಲಿಯೋ ಹೊತ್ತಲ್ಲಿ ಎಐ ಹತ್ತಿರ ಉತ್ತರ ತಗೊಳ್ಳೋ ಬದಲು, "ನಾನು ಬರೆದಿದ್ದರಲ್ಲಿ ತಪ್ಪೆಲ್ಲಿದೆ, ಯಾಕೆ?" ಅಂತ ಕೇಳಿ. ಮೇಷ್ಟ್ರ ಹಾಗೆ ಬಳಸಿ.

ಯಲ್ಲಾಪುರದ ತಂಗಿಗೆ

ಈಗ ನಿಮ್ಮ ಪ್ರಶ್ನೆಗೆ. ಸುತ್ತಿ ಬಳಸದೆ ಹೇಳ್ತೀನಿ, ಇದು ನನ್ನ ಅಭಿಪ್ರಾಯ ಮಾತ್ರ. ಈ ತಿಂಗಳು ಫೀ ಕಟ್ಟಬೇಡಿ. ಎರಡು ವಾರ ಬೋರ್ಡೋ ಲೆಕ್ಕ ಮಾಡಿ. ಆಮೇಲೆ ಮನೆಯ ಅಡಿಕೆ ಲೆಕ್ಕ ತಗೊಳ್ಳಿ. ಅಪ್ಪನ ಹತ್ತಿರ ಹಳೇ ಬಿಲ್ಲುಗಳಿರತ್ತೆ, ಇದ್ದಷ್ಟು ವರ್ಷದ್ದು. ತಾರೀಖು, ಬಗೆ, ತೂಕ, ದರ, ಕಡಿತ ಅಂತ ಒಂದು ಕೋಷ್ಟಕಕ್ಕೆ ಹಾಕಿ, ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳೋಕೆ ಕಲೀರಿ. ಅಲ್ಲಿಂದ ಡೇಟಾ ಕಡೆ ಹೋಗ್ತೀರೋ, ಅದಕ್ಕೊಂದು ಚಂದದ ಪರದೆ ಮಾಡೋಕೆ ಹೋಗ್ತೀರೋ, ನಿಮಗೇ ಗೊತ್ತಾಗತ್ತೆ. ಆರಿಸಿದ ಮೇಲೆ ಆರು ತಿಂಗಳು ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ. ನಾನು ಕಳ್ಕೊಂಡಿದ್ದು ತಪ್ಪು ಭಾಷೆ ಆರಿಸಿ ಅಲ್ಲ, ಯಾವುದನ್ನೂ ಮುಗಿಸದೆ.

ತಪ್ಪು ಆರಿಸಿದ್ರೆ ಏನು ಅಂತ ಕೇಳಿದ್ರಿ. ಒಂದು ಭಾಷೆ ಸರಿಯಾಗಿ ಕಲಿತೋರಿಗೆ ಎರಡನೇದು ಅಷ್ಟು ಕಷ್ಟ ಆಗಲ್ಲ. ಷರತ್ತು, ಲೂಪ್, ಫಂಕ್ಷನ್ ಎಲ್ಲ ಕಡೆ ಇರತ್ತೆ, ಬರೆಯೋ ರೀತಿ ಬೇರೆ. ಹಾಗಾಗಿ ಕಲಿತಿದ್ದು ಹಾಳಾಗಲ್ಲ. ಫೀ ಮಾತ್ರ ಹಾಳಾಗಬಹುದು. ಅದಕ್ಕೇ ಅದನ್ನ ಕೊನೆಗೆ ಇಟ್ಕೊಳ್ಳಿ ಅಂದಿದ್ದು.

ಈಗ ನಾನು ದಿನದಲ್ಲಿ ಅರ್ಧ ಹೊತ್ತು ಸಣ್ಣ ವ್ಯಾಪಾರಿಗಳ ಲೆಕ್ಕಕ್ಕೆ ಪ್ರೋಗ್ರಾಂ ಬರೀತೀನಿ, ಇನ್ನರ್ಧ ಹೊತ್ತು ನಿಮ್ಮ ಜೊತೆ ಹೀಗೆ ಹರಟೆ. ಹೋದ ವರ್ಷ ಮನೆಯ ಕೂಲಿ ಲೆಕ್ಕಕ್ಕೊಂದು ಸಣ್ಣ ಪ್ರೋಗ್ರಾಂ ಮಾಡಿ ಅಜ್ಜಂಗೆ ತೋರಿಸಿದೆ. ಯಾರು ಎಷ್ಟು ದಿನ ಬಂದ್ರು, ಮುಂಗಡ ಎಷ್ಟು ಹೋಯ್ತು, ಬಾಕಿ ಎಷ್ಟು, ಎಲ್ಲ ಕನ್ನಡದಲ್ಲಿ. ಕನ್ನಡಕ ಹಾಕ್ಕೊಂಡು ನೋಡಿದ್ರು. ತಮ್ಮ ಹಳೇ ಪುಸ್ತಕ ತಂದು ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ತಾಳೆ ಹಾಕಿದ್ರು. ಒಂದು ಕಡೆ ಅರ್ಧ ದಿನದ ಕೂಲಿ ಬಿಟ್ಟು ಹೋಗಿತ್ತು, ಹಿಡಿದುಬಿಟ್ರು. ಪ್ರೋಗ್ರಾಮಿನಲ್ಲಿ ನಾನು ಅರ್ಧ ದಿನಕ್ಕೆ ಜಾಗವೇ ಇಟ್ಟಿರಲಿಲ್ಲ.

ಸರಿ ಮಾಡಿ ಕೊಟ್ಟೆ. "ಎಂತಕ್ಕೆ ಬತ್ತು" ಅಂತ ಈ ಸಲ ಕೇಳಲಿಲ್ಲ.

ಎರಡು ವಾರದ ಪ್ರಯೋಗ ಯಾರಾದ್ರೂ ಮಾಡಿದ್ರೆ ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನೇ ಇಟ್ಕೊಂಡು ಮಾತಾಡೋಣ. ಕರೆಂಟ್ ಇನ್ನೂ ಹೋಗಿಲ್ಲ, ಹೋಗೋದ್ರೊಳಗೆ ಮುಗಿಸ್ತೀನಿ.